ದೊಡ್ಡವ್ವನ ಬಗ್ಗೆ ಬರೆಯುವಾಗ ಏನನ್ನು ಬಿಡಬೇಕು?

ಪ್ರಶ್ನೆ: ನಾನು ಗಂಗಾವತಿ ತಾಲ್ಲೂಕಿನವಳು. ನನ್ನ ತಾಯಿಯ ಅಕ್ಕ, ನಮ್ಮ ದೊಡ್ಡವ್ವ, ಕಳೆದ ವರ್ಷ ತೀರಿಕೊಂಡರು. ವಯಸ್ಸು ಎಂಬತ್ತು ದಾಟಿತ್ತು. ವರ್ಷದ ಕಾರ್ಯದ ಹೊತ್ತಿಗೆ ಅವರ ಮಗ, ಅಂದರೆ ನಮ್ಮಣ್ಣ, ಚಿಕ್ಕದೊಂದು ಸ್ಮರಣೆಯ ಪುಸ್ತಕ ತರುತ್ತಿದ್ದಾರೆ. ಹೆಣ್ಣುಮಕ್ಕಳ ಸಮಾನತೆ ಮತ್ತು ಮರ್ಯಾದೆಯ ಬಗ್ಗೆ ದೊಡ್ಡವ್ವನ ವಿಚಾರಗಳನ್ನು ಬರೆಯುವ ಕೆಲಸ ನನಗೆ ಬಂದಿದೆ. ಅವರು ಭತ್ತದ ನಾಟಿಗೆ ಹೋಗುವ ಹೆಂಗಸರ ಗುಂಪು ಕಟ್ಟಿ, ಕೂಲಿಯ ವಿಷಯದಲ್ಲಿ ಗದ್ದೆ ಮಾಲೀಕರಿಗೆ ಎದುರು ನಿಂತವರು. "ಕೆಸರಾಗ ಬಗ್ಗಿದ ಬೆನ್ನಿಗೆ ಗಂಡು ಹೆಣ್ಣು ಅಂತ ಇರಂಗಿಲ್ಲ" ಎನ್ನುತ್ತಿದ್ದರು. ಗಂಡ ತೀರಿದ ಮೇಲೂ ಮೊಮ್ಮಗಳ ಮದುವೆಯಲ್ಲಿ ತಾವೇ ಉಡಿ ತುಂಬಿದರು. ಆದರೆ ಅದೇ ದೊಡ್ಡವ್ವ 1970ರ ದಶಕದಲ್ಲಿ ಹಿರಿಯ ಮಗಳನ್ನು ಹದಿನಾಲ್ಕಕ್ಕೆ ಮದುವೆ ಮಾಡಿಕೊಟ್ಟರು. ಗಂಡಸರು ಉಂಡ ಮೇಲೆಯೇ ಸೊಸೆಯರು ಉಣ್ಣಬೇಕೆಂದು ಕಟ್ಟುನಿಟ್ಟು ಮಾಡಿದರು. 1996ರಲ್ಲಿ ತವರಿನ ಹೊಲದ ಹಕ್ಕನ್ನು ತಮ್ಮಂದಿರಿಗೆ ಬಿಟ್ಟುಕೊಟ್ಟು ಹೆಬ್ಬೆಟ್ಟು ಒತ್ತಿದರು. ಅಕ್ಕ ಒತ್ತಿದಳೆಂದು ನನ್ನ ತಾಯಿಯೂ ಒತ್ತಿದಳು. ಅಣ್ಣ "ಒಳ್ಳೆಯದನ್ನಷ್ಟೇ ಬರಿ" ಎನ್ನುತ್ತಾರೆ. ಹದಿನಾಲ್ಕಕ್ಕೆ ಮದುವೆಯಾದ ಅಕ್ಕ "ಬರದ್ರ ಎಲ್ಲಾ ಬರಿ, ಇಲ್ಲಂದ್ರ ಬಿಡು" ಎಂದಿದ್ದಾರೆ. ದೊಡ್ಡವ್ವ ಸಮಾನತೆಯ ಪರ ಇದ್ದವರೆಂದು ಬರೆಯಬಹುದೇ?

ಉತ್ತರ: ಬರೆಯಬಹುದು, ಆದರೆ ಆ ಒಂದು ವಾಕ್ಯವನ್ನು ಬರೆದು ಮುಗಿಸುವುದಾದರೆ ಬರೆಯದಿರುವುದೇ ಮೇಲು. ನಿಮ್ಮ ಪತ್ರದಲ್ಲಿರುವ ಸಂಗತಿಗಳೆಲ್ಲವೂ ಪುಸ್ತಕದಲ್ಲಿ ಬರಬೇಕು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಹಾಗೆಂದು ಅವರ ಒಳ್ಳೆಯತನ ಒಂದು ಕಡೆ, ತಪ್ಪುಗಳು ಇನ್ನೊಂದು ಕಡೆ ಎಂದು ಲೆಕ್ಕ ಹಾಕಿ ಕೊನೆಗೆ ತೀರ್ಪು ಕೊಡುವ ರೀತಿಯಲ್ಲಿ ಬರೆಯಬೇಡಿ. ಪ್ರತಿಯೊಂದು ನಡೆಯನ್ನೂ ಅದು ನಡೆದ ಕಾಲ ಮತ್ತು ಜಾಗದೊಂದಿಗೆ ಹೇಳಿ, ಅದರಿಂದ ಯಾರಿಗೆ ಏನು ದಕ್ಕಿತು, ಅದರ ಬೆಲೆಯನ್ನು ಯಾರು ತೆತ್ತರು ಎಂಬುದನ್ನು ಸೇರಿಸಿದರೆ, ಓದುವವರಿಗೆ ದೊಡ್ಡವ್ವನ ವಿಚಾರ ತಾನಾಗಿಯೇ ಕಾಣುತ್ತದೆ. ಓದು ಬರಹ ಬಾರದ ಹೆಂಗಸರ ವಿಚಾರಗಳು ಬರವಣಿಗೆಯಲ್ಲಿ ಉಳಿದದ್ದು ಕಡಿಮೆ. ಅವರ ನಡೆಯಲ್ಲಿ, ಮತ್ತೆ ಮತ್ತೆ ಆಡಿದ ಮಾತಿನಲ್ಲಿ ಮತ್ತು ಅವರೊಂದಿಗೆ ಬಾಳಿದವರ ನೆನಪಿನಲ್ಲಿ ಅವು ಉಳಿದಿರುತ್ತವೆ. ಈ ಭಾಗದ ಹಿರಿಯ ಹೆಂಗಸರ ಜೀವನಕಥನಗಳನ್ನು ಕೇಳಿ ದಾಖಲಿಸುವ ಕೆಲಸದಲ್ಲಿ ತೊಡಗಿರುವ ನನಗೆ, ನೆನಪಿನ ಬರಹಗಳು ಅವರನ್ನು ದೇವರ ಫೋಟೋ ಮಾಡಿ ಗೋಡೆಗೆ ಏರಿಸುವುದನ್ನು ಕಂಡಾಗಲೆಲ್ಲ ಬೇಸರವಾಗುತ್ತದೆ.

ಮೊದಲು ಕಾಲ ಮತ್ತು ಜಾಗದ ಮಾತು. ಎಂಬತ್ತು ದಾಟಿದ್ದ ನಿಮ್ಮ ದೊಡ್ಡವ್ವ ಹುಟ್ಟಿದ್ದು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ. ಈಗಿನ ಕೊಪ್ಪಳ ಜಿಲ್ಲೆ ಆಗ ರಾಯಚೂರು ಜಿಲ್ಲೆಯ ಭಾಗವಾಗಿತ್ತು. ಆ ಸೀಮೆ ಭಾರತದ ಆಡಳಿತಕ್ಕೆ ಬಂದದ್ದು 1948ರ ಸೆಪ್ಟೆಂಬರ್‌ನಲ್ಲಿ. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಹೊಳೆಯಾಚೆಯ ಬಳ್ಳಾರಿ ಮದ್ರಾಸ್ ಪ್ರಾಂತದಲ್ಲಿದ್ದು, ಅಲ್ಲಿ ಬೇರೆಯೇ ಕಾನೂನುಗಳು ನಡೆಯುತ್ತಿದ್ದವು. ಹುಡುಗಿಯರ ಮದುವೆಗೆ ಹದಿನಾಲ್ಕರ ಮಿತಿ ಹಾಕಿದ 1929ರ ಕಾಯ್ದೆ ಬ್ರಿಟಿಷ್ ಇಂಡಿಯಾಕ್ಕಾಗಿ ಮಾಡಿದ್ದರಿಂದ ಬಳ್ಳಾರಿಗೆ ಅನ್ವಯಿಸುತ್ತಿತ್ತು, ಗಂಗಾವತಿಗೆ ಅನ್ವಯಿಸುತ್ತಿರಲಿಲ್ಲ. ಸಂಸ್ಥಾನದ ಶಾಲೆಗಳಲ್ಲಿ ಪ್ರಾಥಮಿಕ ಹಂತ ದಾಟಿದರೆ ಉರ್ದುವಿನಲ್ಲೇ ಓದಬೇಕಿತ್ತು. ಹಳ್ಳಿಯ ಕನ್ನಡದ ಮನೆಯ ಹುಡುಗಿಗೆ ಅಲ್ಲಿಯವರೆಗೆ ಹೋಗುವ ದಾರಿಯೇ ಇರಲಿಲ್ಲ. 1996ರ ಕಾಗದದ ಮೇಲೆ ಸಹಿಯ ಬದಲು ಹೆಬ್ಬೆಟ್ಟು ಬಿದ್ದುದರ ಹಿಂದೆ ಈ ಇತಿಹಾಸವಿದೆ, ಮತ್ತು ಅದನ್ನು ಬರೆಯುವುದು ಅವರಿಗೆ ಸಲ್ಲಬೇಕಾದ ನ್ಯಾಯ.

ಎರಡನೆಯದು ತುಂಗಭದ್ರೆ. 1945ರಲ್ಲಿ ಶುರುವಾದ ಅಣೆಕಟ್ಟಿನಿಂದ 1953ರ ಹೊತ್ತಿಗೆ ಎಡದಂಡೆ ಕಾಲುವೆಗೆ ನೀರು ಬಂತು. ಜೋಳ, ಸಜ್ಜೆ, ಹತ್ತಿ ಬೆಳೆಯುತ್ತಿದ್ದ ಎರೆಹೊಲಗಳು ಗದ್ದೆಗಳಾದವು, ಆಂಧ್ರದ ಕಡೆಯಿಂದ ಬಂದ ರೈತರು ನೆಲೆಸಿದ ಕ್ಯಾಂಪುಗಳೆಂಬ ಊರುಗಳು ಎದ್ದವು, ಮತ್ತು ಸಸಿ ಕಿತ್ತು ನಾಟಿ ಮಾಡುವ ಕೆಲಸ ಹೆಚ್ಚಾಗಿ ಹೆಂಗಸರ ಪಾಲಿಗೆ ಬಂತು. ಅದು ದಿನವಿಡೀ ಮೊಣಕಾಲ ಕೆಸರಿನಲ್ಲಿ ನಿಂತು ಬಗ್ಗಿ ಮಾಡುವ ಕೆಲಸ. ಬದು ಕಡಿಯುವ, ಗೊಬ್ಬರ ಎರಚುವ, ಚೀಲ ಹೊರುವ ಗಂಡಾಳಿಗೆ ಹೆಚ್ಚು ಕೂಲಿ, ನಾಟಿಯ ಹೆಣ್ಣಾಳಿಗೆ ಕಡಿಮೆ. 1976ರ ಸಮಾನ ವೇತನ ಕಾಯ್ದೆ ಒಂದೇ ಬಗೆಯ ಕೆಲಸಕ್ಕೆ ಒಂದೇ ಕೂಲಿ ಎಂದು ಹೇಳಿತು. ಆದರೆ ನಾಟಿಯೇ ಹೆಂಗಸರದ್ದು, ಬದುವೇ ಗಂಡಸರದ್ದು ಎಂದು ಕೆಲಸವನ್ನೇ ಬೇರೆ ಮಾಡಿಟ್ಟ ಕಡೆ ಆ ಕಾಯ್ದೆಯನ್ನು ಹಿಡಿಯುವುದಾದರೂ ಹೇಗೆ? ಹೆಂಗಸರು ಇದಕ್ಕೆ ಕಂಡುಕೊಂಡ ದಾರಿ ಗುತ್ತಿಗೆ. ಗುಂಪಾಗಿ ಹೋಗಿ ಎಕರೆಗೆ ಇಷ್ಟು ಎಂದು ಮಾತಾಡಿ, ನಾಟಿಯ ಹಂಗಾಮಿನಲ್ಲಿ ನೀರು ಬಿಟ್ಟು ಗದ್ದೆ ಕಾಯುತ್ತಿರುವ ಮಾಲೀಕನ ಅವಸರವನ್ನು ತಮ್ಮ ಬಲವಾಗಿ ಮಾಡಿಕೊಂಡರು. ಈ ಹಿನ್ನೆಲೆಯಲ್ಲಿ ನೋಡಿದರೆ "ಕೆಸರಾಗ ಬಗ್ಗಿದ ಬೆನ್ನಿಗೆ ಗಂಡು ಹೆಣ್ಣು ಅಂತ ಇರಂಗಿಲ್ಲ" ಎಂಬ ಮಾತು ಬಾಯಿಗೆ ಬಂದ ಗಾದೆಯಲ್ಲ. ಕಾನೂನು ಬರೆದವರಿಗೆ ಹೊಳೆಯದೆ ಹೋದ ವಾದವೊಂದು ಅದರಲ್ಲಿದೆ. ಕೆಲಸಗಳು ಬೇರೆಯಾದರೂ ದುಡಿಮೆಯ ಭಾರ ಒಂದೇ ಎಂದು ಅವರು ಹೇಳುತ್ತಿದ್ದರು. ನಿಮ್ಮ ಬರಹದ ನಡುಗಂಬ ಈ ಮಾತೇ ಆಗಲಿ ಎಂದು ನನ್ನ ಆಸೆ.

ಅದಕ್ಕಾಗಿ ಆ ಗುಂಪಿನಲ್ಲಿದ್ದ, ಇನ್ನೂ ಬದುಕಿರುವ ಹೆಂಗಸರ ಮನೆಗೆ ಹೋಗಿ ಕುಳಿತು ಕೇಳಿ. ಯಾವ ಕ್ಯಾಂಪಿನಲ್ಲಿ, ಯಾವ ಹಂಗಾಮಿನಲ್ಲಿ ಕೆಲಸ ನಿಲ್ಲಿಸಿದರು, ಎಕರೆಗೆ ಎಷ್ಟಿದ್ದದ್ದು ಎಷ್ಟಾಯಿತು, ಮುಂಗಡ ಯಾರ ಕೈಗೆ ಬರುತ್ತಿತ್ತು ಎಂಬುದೆಲ್ಲ ಬೇಕು. ಅದಕ್ಕಿಂತ ಹೆಚ್ಚಾಗಿ, ಬಂದ ದುಡ್ಡನ್ನು ಹೇಗೆ ಹಂಚುತ್ತಿದ್ದರು ಎಂದು ಕೇಳಿ. ವಯಸ್ಸಾಗಿ ಸಾಲು ಹಿಂದೆ ಬೀಳುತ್ತಿದ್ದವಳಿಗೆ, ಬಸುರಿಗೆ, ಎಳೆಗೂಸನ್ನು ಬದುವಿನ ಮೇಲೆ ಮಲಗಿಸಿ ಬಂದವಳಿಗೆ ದೊಡ್ಡವ್ವ ಪೂರ್ತಿ ಪಾಲು ಕೊಡುತ್ತಿದ್ದರೋ, ಕಡಿಯುತ್ತಿದ್ದರೋ? ಮಾಲೀಕನ ಎದುರು ಆಡಿದ ಮಾತಿಗಿಂತ, ಸಂಜೆ ದುಡ್ಡು ಎಣಿಸುವಾಗ ಮಾಡಿದ ಹಂಚಿಕೆಯಲ್ಲಿ ಅವರ ಸಮಾನತೆಯ ವಿಚಾರ ಹೆಚ್ಚು ಖಚಿತವಾಗಿ ಸಿಗುತ್ತದೆ.

ಇದೇ ಹೆಂಗಸರನ್ನು ಕೇಳಬೇಕಾದ ಮತ್ತೊಂದು ಪ್ರಶ್ನೆ ಇದೆ; ಕೇಳಲು ಮುಜುಗರವಾಗಬಹುದು, ಆದರೂ ಕೇಳಿ. ಗುಂಪಿನಲ್ಲಿ ಬೇರೆ ಬೇರೆ ಜಾತಿಯ ಹೆಂಗಸರು ಇದ್ದಿರಲೇಬೇಕು. ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಎಲ್ಲರೂ ಒಂದೇ ಕಡೆ ಕೂಡುತ್ತಿದ್ದರೇ, ನೀರಿನ ಕೊಡ ಒಂದೇ ಆಗಿತ್ತೇ? ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿಯ ಹಳ್ಳಿಗಳಲ್ಲಿ ಮುತ್ತು ಕಟ್ಟಿಸಿಕೊಂಡ, ಅಂದರೆ ದೇವದಾಸಿಯರಾದ ಹೆಂಗಸರೂ ಕೂಲಿಗೆ ಬರುತ್ತಿದ್ದರು. ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವುದನ್ನು ಮದ್ರಾಸ್ ಪ್ರಾಂತ 1947ರಲ್ಲಿಯೇ ನಿಷೇಧಿಸಿತ್ತು. ಕರ್ನಾಟಕದ ಕಾಯ್ದೆ ಬಂದದ್ದು 1982ರಲ್ಲಿ. ಕಾಯ್ದೆ ಬಂದ ಮೇಲೂ ಆ ಹೆಂಗಸರನ್ನು ಊರು ಕರೆಯುತ್ತಿದ್ದ ರೀತಿ ಬದಲಾಗಲಿಲ್ಲ. ದೊಡ್ಡವ್ವ ಅವರನ್ನು ಹೆಸರಿಗೆ ಅವ್ವ, ಅಕ್ಕ ಎಂದು ಸೇರಿಸಿ ಕರೆಯುತ್ತಿದ್ದರೋ, ಊರಿನವರಂತೆಯೇ ಕರೆಯುತ್ತಿದ್ದರೋ ಎಂಬುದು ಹೆಣ್ಣಿನ ಮರ್ಯಾದೆಯ ಬಗ್ಗೆ ಅವರ ನಿಲುವನ್ನು ಹೇಳುವ ದೊಡ್ಡ ಸಾಕ್ಷಿ. ಉತ್ತರ ನೀವು ಬಯಸಿದಂತೆ ಇರದಿದ್ದರೂ ಬರೆಯಿರಿ. ಹೆಣ್ಣಿನ ಮರ್ಯಾದೆ ಎನ್ನುವಾಗ ಯಾವ ಹೆಣ್ಣು ಎಂದು ಕೇಳದೆ ಬರೆದ ಪುಟಗಳು ನಮ್ಮಲ್ಲಿ ಬೇಕಾದಷ್ಟಿವೆ.

ಈಗ ಹೊಲದ ಮಾತಿಗೆ ಬರುತ್ತೇನೆ. ನಿಮ್ಮನ್ನು ಹೆಚ್ಚು ಕಾಡಿರುವುದು ಇದೇ ಎಂದು ಪತ್ರದ ಧಾಟಿಯಿಂದ ನನಗನ್ನಿಸಿದೆ. ಕೂಲಿಗಾಗಿ ಅಷ್ಟು ಹಟ ಹಿಡಿದವರು ಹೊಲವನ್ನು ಅಷ್ಟು ಸುಲಭವಾಗಿ ಬಿಟ್ಟದ್ದೇಕೆ? 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ಆ ನಂತರ ತೀರಿದ ತಂದೆಯ ಪಾಲಿನಲ್ಲಿ ಮಗಳಿಗೂ ಹಕ್ಕಿತ್ತು; ಹಕ್ಕಿದ್ದುದರಿಂದಲೇ ತಮ್ಮಂದಿರಿಗೆ ಅಕ್ಕಂದಿರ ಹೆಬ್ಬೆಟ್ಟು ಬೇಕಾಯಿತು. ಹೆಣ್ಣುಮಕ್ಕಳನ್ನು ಹುಟ್ಟಿನಿಂದಲೇ ಪಾಲುದಾರರನ್ನಾಗಿ ಮಾಡಿದ ಕರ್ನಾಟಕದ ತಿದ್ದುಪಡಿ 1994ರ ಜುಲೈ 30ರಂದು ಜಾರಿಗೆ ಬಂದರೂ, ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. ಮದುವೆಯಾದವರು, ಆಗದವರು ಎಂಬ ಆ ಭೇದ ಹೋದದ್ದು 2005ರ ಕೇಂದ್ರ ತಿದ್ದುಪಡಿಯಿಂದ. ಆ ತಿದ್ದುಪಡಿ ಜಾರಿಗೆ ಬಂದ ದಿನ ತಂದೆ ಬದುಕಿರಲೇಬೇಕೆಂದೇನೂ ಇಲ್ಲ ಎಂದು ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದ್ದು 2020ರ ಆಗಸ್ಟ್‌ನಲ್ಲಿ. ಆದರೆ 2004ರ ಡಿಸೆಂಬರ್ 20ಕ್ಕಿಂತ ಮೊದಲು ಕಾನೂನುಬದ್ಧವಾಗಿ ನಡೆದುಹೋದ ಪಾಲು, ಪರಭಾರೆಗಳನ್ನು ಈ ತಿದ್ದುಪಡಿ ಮುಟ್ಟುವುದಿಲ್ಲ. ಹೀಗಾಗಿ 1996ರಲ್ಲಿ ಅವರ ಎದುರಿಗಿದ್ದದ್ದು ಪೂರ್ತಿ ಹಕ್ಕಲ್ಲ, ಅರೆಬರೆ ಹಕ್ಕು.

ಆ ಅರೆಬರೆ ಹಕ್ಕಿಗೆ ಎದುರಾಗಿ ತವರಿತ್ತು. ಪಂಚಮಿಗೆ ಕರೆಯಲು ಬರುವ ತಮ್ಮ, ಮಗಳ ಕುಬಸಕ್ಕೆ, ಅಂದರೆ ಸೀಮಂತಕ್ಕೆ ಸೀರೆ ತರುವ ಸೋದರಮಾವ, ಬಾಣಂತನಕ್ಕೆ ತೆರೆಯುವ ಬಾಗಿಲು, ಗಂಡನ ಮನೆಯಲ್ಲಿ ಹೊಡೆತ ಬಿದ್ದ ರಾತ್ರಿ ಹೋಗಿ ನಿಲ್ಲಬಹುದಾದ ಒಂದೇ ಜಾಗ. ಗಂಡನನ್ನು ಕಳೆದುಕೊಂಡ ಹೆಣ್ಣಿಗೆ ಆ ಜಾಗದ ಬೆಲೆ ಇನ್ನೂ ಹೆಚ್ಚು. ಪಾಲು ಕೇಳಿದ ಅಕ್ಕಂದಿರಿಗೆ ಪಂಚಮಿಯ ಕರೆ ನಿಂತುಹೋದದ್ದನ್ನು ಕೇಳದ ಊರು ನಮ್ಮ ಕಡೆ ಇಲ್ಲ. ಆದ್ದರಿಂದ ಅವರು ಹಕ್ಕು ಬಿಟ್ಟದ್ದನ್ನು ಅಜ್ಞಾನವೆಂದಾಗಲಿ, ತ್ಯಾಗವೆಂದಾಗಲಿ ಬರೆಯಬೇಡಿ. 'ತ್ಯಾಗ' ಎಂದು ಬರೆದರೆ ಸೋದರಮಾವಂದಿರಿಗೆ ಸಮಾಧಾನವಾಗುತ್ತದೆ ಅಷ್ಟೇ. ಅವರು ಹೊಲ ಕೊಟ್ಟು ಆಸರೆಯನ್ನು ಉಳಿಸಿಕೊಂಡರು. ಗಂಡುಮಕ್ಕಳು ಎರಡನ್ನೂ ಇಟ್ಟುಕೊಳ್ಳಬಹುದಾದ ಕಡೆ ಹೆಣ್ಣುಮಕ್ಕಳು ಎರಡರಲ್ಲಿ ಒಂದನ್ನು ಆರಿಸಬೇಕಾಗಿ ಬಂದದ್ದೇ ಅಸಮಾನತೆ. ಇದನ್ನು ಹೇಳಿದ ಮೇಲೆ ನಿಮ್ಮ ತಾಯಿಯ ಹೆಬ್ಬೆಟ್ಟಿನ ಸಂಗತಿಯನ್ನೂ ಹೇಳಬೇಕು. ಹಿರಿಯಳು ಒತ್ತಿದ ಮೇಲೆ ಕಿರಿಯಳಿಗೆ ಬೇರೆ ದಾರಿ ಉಳಿಯಲಿಲ್ಲ. ಆ ದಿನ ನಿಮ್ಮ ತಾಯಿಯ ಮನಸ್ಸಿನಲ್ಲಿ ಏನಿತ್ತು ಎಂದು ಯಾರಾದರೂ ಕೇಳಿದ್ದಾರೆಯೇ? ಈ ಪುಸ್ತಕದ ನೆಪದಲ್ಲಿ ನೀವು ಕೇಳಿ.

ಹಿರಿಯ ಮಗಳ ಮದುವೆಯ ವಿಷಯದಲ್ಲಿ ನನ್ನ ಮಾತು ಸ್ವಲ್ಪ ಗಟ್ಟಿಯಾಗಿಯೇ ಇರುತ್ತದೆ. ಆ ಹೊತ್ತಿಗೆ ನಿಜಾಮರ ಕಾಲ ಮುಗಿದು ಎರಡು ದಶಕಗಳಾಗಿದ್ದವು. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಹುಡುಗಿಗೆ ಹದಿನೈದು ತುಂಬಿರಬೇಕೆಂದಿತ್ತು, 1978ರಲ್ಲಿ ಅದು ಹದಿನೆಂಟಾಯಿತು. ಹದಿನಾಲ್ಕಕ್ಕೆ ಕೊಟ್ಟದ್ದು ಅಂದಿನ ಕಾನೂನಿಗೂ ವಿರುದ್ಧವೇ. "ಆ ಕಾಲ ಹಂಗಿತ್ತು" ಎಂಬ ಒಂದು ಸಾಲಿನಿಂದ ಇದನ್ನು ಮುಚ್ಚಿದರೆ, ಬದುಕಿರುವ ಹೆಣ್ಣುಮಗಳೊಬ್ಬಳ ಬಾಲ್ಯಕ್ಕೆ ಆದ ನಷ್ಟವನ್ನು ಕಾಲದ ತಲೆಗೆ ಕಟ್ಟಿದಂತಾಗುತ್ತದೆ. ದೊಡ್ಡವ್ವ ಏಕೆ ಹಾಗೆ ಮಾಡಿದರು ಎಂಬುದಕ್ಕೆ ಕಾರಣಗಳಿರಬಹುದು: ಸಾಲ, ಬರ, ಬೆಳಗಿನಿಂದ ಸಂಜೆಯವರೆಗೆ ತಾಯಿ ಗದ್ದೆಯಲ್ಲಿದ್ದಾಗ ಬೆಳೆದ ಮಗಳು ಮನೆಯಲ್ಲಿ ಒಬ್ಬಳೇ ಇರುವ ಭಯ. ಗೊತ್ತಿದ್ದರೆ ಬರೆಯಿರಿ, ಊಹಿಸಿ ಬರೆಯಬೇಡಿ. ಈ ಭಾಗವನ್ನು ನೀವು ಬರೆಯುವುದಕ್ಕಿಂತ ಅಕ್ಕನೇ ಹೇಳಲಿ, ನೀವು ಅವರ ಮಾತಿನಲ್ಲಿಯೇ ಇಳಿಸಿಕೊಳ್ಳಿ. ಎಷ್ಟು ಹೇಳಬೇಕೆಂಬುದೂ ಅವರದೇ ತೀರ್ಮಾನ. ದೊಡ್ಡವ್ವ ಮುಂದೆ ಎಂದಾದರೂ ಮಗಳ ಹತ್ತಿರ ಆ ಬಗ್ಗೆ ಮಾತಾಡಿದ್ದರೆ, ಆ ಮಾತು ಇಡೀ ಪುಸ್ತಕದಲ್ಲಿ ಅತ್ಯಂತ ಬೆಲೆಯುಳ್ಳದ್ದಾಗಬಹುದು.

ಊಟದ ಕಟ್ಟಳೆಯ ಬಗ್ಗೆ ಸಾಕ್ಷಿ ಹೇಳಬೇಕಾದವರು ನಿಮ್ಮ ಅತ್ತಿಗೆಯರು. ಕೊನೆಗೆ ಉಣ್ಣುವವಳಿಗೆ ರೊಟ್ಟಿ ಉಳಿದರೂ ಪಲ್ಯ ಉಳಿಯುವುದಿಲ್ಲ ಎಂಬುದು ಎಲ್ಲ ಮನೆಗಳಲ್ಲೂ ಗೊತ್ತಿರುವ ಸತ್ಯ. ಗದ್ದೆಯಲ್ಲಿ ಸಮಪಾಲು ಕೇಳಿದವರು ಅಡಿಗೆಮನೆಯಲ್ಲಿ ಅದನ್ನು ಕೊಡಲಿಲ್ಲ ಎಂಬ ಸಂಗತಿಯನ್ನು ಮಗ ಬರೆಯಲಾರ, ತಂಗಿಯ ಮಗಳಾದ ನೀವೂ ಹೊರಗಿನಿಂದಷ್ಟೇ ಬರೆಯಬಲ್ಲಿರಿ. ಅತ್ತೆಯನ್ನು ನೆನೆಯಲು ಸೊಸೆಯರಿಗೆ ಒಂದು ಪುಟವನ್ನಾದರೂ ಕೊಡಿ.

ಉಡಿ ತುಂಬಿದ ಪ್ರಸಂಗವನ್ನು ನೀವು ಪತ್ರದಲ್ಲಿ ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ; ನನಗೆ ಅದು ಬಹಳ ದೊಡ್ಡ ಸಂಗತಿಯಾಗಿ ಕಾಣುತ್ತದೆ. ದುಡಿಯುವ ಅನೇಕ ಸಮುದಾಯಗಳಲ್ಲಿ ಗಂಡ ಸತ್ತವಳಿಗೆ ಉಡಿಕೆಯ ಮೂಲಕ ಮರುಮದುವೆಯ ಅವಕಾಶ ಹಿಂದಿನಿಂದಲೂ ಇತ್ತು. ಆದರೆ ಉಡಿಕೆಯಾದವಳನ್ನೂ ಶುಭಕಾರ್ಯದಲ್ಲಿ ಮುತ್ತೈದೆಯರ ಸಾಲಿನಿಂದ ದೂರವಿಡುತ್ತಿದ್ದರು. ಬದುಕಲು ಬಿಡುತ್ತಿದ್ದ ಸಮಾಜ ಮುಂದೆ ಬರಲು ಬಿಡುತ್ತಿರಲಿಲ್ಲ. ಹೀಗಿರುವಾಗ ನೆಂಟರಿಷ್ಟರು ತುಂಬಿದ ಹಂದರದಲ್ಲಿ ಗಂಡನಿಲ್ಲದ ಹೆಂಗಸು ಮುಂದೆ ಬಂದು ಮೊಮ್ಮಗಳ ಉಡಿಗೆ ಅಕ್ಕಿ, ಕೊಬ್ಬರಿ, ಕುಬಸದ ಖಣ ಹಾಕುವುದೆಂದರೆ ಸಣ್ಣ ಧೈರ್ಯವಲ್ಲ. ಅಲ್ಲಿ ಅವರು ಯಾರ ಜತೆಗೂ ವಾದ ಮಾಡಲಿಲ್ಲ, ಯಾರ ಅಪ್ಪಣೆಗೂ ಕಾಯಲಿಲ್ಲ. ಯಾರು ತಡೆದರು, ಯಾರು ಜತೆ ನಿಂತರು, ಬೀಗರು ಏನೆಂದರು, ಆಮೇಲೆ ಆ ಮನೆತನದ ಬೇರೆ ವಿಧವೆಯರು ಮದುವೆಗಳಲ್ಲಿ ಮುಂದೆ ಬರತೊಡಗಿದರೇ ಎಂಬುದನ್ನು ವಿವರವಾಗಿ ಬರೆಯಿರಿ. ಕೂಲಿಯ ಹೋರಾಟಕ್ಕೆ ಗುಂಪಿನ ಬಲವಿತ್ತು. ಇಲ್ಲಿ ಅವರು ಒಬ್ಬರೇ ಇದ್ದರು.

ನಿಮ್ಮಣ್ಣ ಒಳ್ಳೆಯದನ್ನಷ್ಟೇ ಬರೆ ಎನ್ನುವುದು ನನಗೆ ಅರ್ಥವಾಗುತ್ತದೆ. ತಾಯಿಯನ್ನು ಕಳೆದುಕೊಂಡು ವರ್ಷ ತುಂಬುತ್ತಿರುವ ಮಗನ ದುಃಖವನ್ನು ವಾದದಿಂದ ಗೆಲ್ಲಲು ಹೋಗಬೇಡಿ. ಬಿಡಬಹುದಾದದ್ದನ್ನು ಧಾರಾಳವಾಗಿ ಬಿಡಿ: ಕೊನೆಗಾಲದ ಕಾಯಿಲೆಯ ವಿವರ, ಓರಗಿತ್ತಿಯರ ಜಗಳ, ಬೇರೆಯವರು ನಂಬಿ ಅವರ ಕಿವಿಯಲ್ಲಿ ಹೇಳಿದ ಗುಟ್ಟುಗಳು, ಇವು ಯಾವುವೂ ನಿಮ್ಮ ವಿಷಯಕ್ಕೆ ಬೇಕಿಲ್ಲ. ಬಿಡಬಾರದ್ದು ಇಷ್ಟೇ, ಇನ್ನೊಬ್ಬ ಹೆಣ್ಣುಮಗಳ ಬಾಳಿನ ಮೇಲೆ ಪರಿಣಾಮ ಮಾಡಿದ ಅವರ ನಿರ್ಧಾರಗಳು. ಅವನ್ನು ಅಳಿಸಿದರೆ ಅಳಿದುಹೋಗುವುದು ದೊಡ್ಡವ್ವನ ತಪ್ಪು ಮಾತ್ರವಲ್ಲ. ಅಕ್ಕ, ಅತ್ತಿಗೆಯರು, ನಿಮ್ಮ ತಾಯಿ ಎಲ್ಲರೂ ಅವರ ಕಥೆಯಿಂದ ಅಳಿದುಹೋಗುತ್ತಾರೆ. ಹೆಣ್ಣುಮಕ್ಕಳ ಮರ್ಯಾದೆಯ ಬಗ್ಗೆ ಬರೆಯುವ ಪುಟದಲ್ಲಿಯೇ ಹಾಗಾಗುವುದು ಬೇಡ.

ಅವರು ಎಂದೂ ಬಳಸದ 'ಸ್ತ್ರೀವಾದ', 'ಸಬಲೀಕರಣ' ಮುಂತಾದ ಮಾತುಗಳನ್ನು ಅವರ ಬಾಯಿಗೆ ಹಾಕಬೇಡಿ. ಅವರ ಮಾತನ್ನು ಗಂಗಾವತಿಯ ಕನ್ನಡದಲ್ಲಿಯೇ, ಪುಸ್ತಕದ ಕನ್ನಡಕ್ಕೆ ತಿದ್ದದೆ ಇಡಿ. ನಿಮ್ಮ ಅಭಿಪ್ರಾಯವನ್ನು ನಿಮ್ಮದೆಂದು ಹೇಳಿ. ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ: "ನಮ್ಮ ದೊಡ್ಡವ್ವ ದುಡಿಮೆಯಲ್ಲಿ ಹೆಣ್ಣು ಗಂಡಿಗೆ ಸಮ ಎಂದು ನಂಬಿದ್ದರು ಮತ್ತು ಅದಕ್ಕಾಗಿ ಹಂಗಾಮಿನ ಕೂಲಿ ಕಳೆದುಕೊಳ್ಳಲೂ ತಯಾರಿದ್ದರು. ಗಂಡ ಸತ್ತವಳ ಮರ್ಯಾದೆ ಕಡಿಮೆಯಲ್ಲ ಎಂದು ತುಂಬಿದ ಹಂದರದಲ್ಲಿ ತೋರಿಸಿದರು. ಆ ಸಮಾನತೆಯನ್ನು ಅವರು ತಮ್ಮ ಮನೆಯೊಳಗಿನ ಹೆಣ್ಣುಮಕ್ಕಳಿಗೆ ಪೂರ್ತಿ ಕೊಡಲಿಲ್ಲ. ತವರಿನಿಂದ ತಮಗೆ ಬರಬೇಕಾದದ್ದನ್ನು ತಾವೂ ಪಡೆಯಲಿಲ್ಲ." ನೀವು ಕೇಳಿ ತಿಳಿದದ್ದಕ್ಕೆ ತಕ್ಕಂತೆ ಇದನ್ನು ಬದಲಿಸಿಕೊಳ್ಳಿ.

ಅಚ್ಚಿಗೆ ಕೊಡುವ ಮೊದಲು ಎರಡು ಕೆಲಸ ಮಾಡಬೇಕು. ತವರಿನ ಹೊಲದ ಬಗ್ಗೆ ಈಗ ತಕರಾರು ನಡೆಯುತ್ತಿದ್ದರೆ ಅಥವಾ ನಡೆಯುವ ಸೂಚನೆಯಿದ್ದರೆ, 1996ರ ಪ್ರಸಂಗದ ಪುಟವನ್ನು ವಕೀಲರೊಬ್ಬರಿಗೆ ತೋರಿಸಿ. ಪ್ರೀತಿಯಿಂದ ಬರೆದ ಸಾಲನ್ನೂ ಎದುರಿನವರು ಬೇರೆ ಅರ್ಥಕ್ಕೆ ಎಳೆಯಬಹುದು. ಇನ್ನೊಂದು, ಬರಹದಲ್ಲಿ ಬರುವ ಬದುಕಿರುವ ಹೆಂಗಸರಿಗೆಲ್ಲ, ಮೊದಲು ಅಕ್ಕನಿಗೆ, ಆಮೇಲೆ ನಿಮ್ಮ ತಾಯಿಗೆ, ಅತ್ತಿಗೆಯರಿಗೆ ಮತ್ತು ನಾಟಿಯ ಗುಂಪಿನವರಿಗೆ, ಅವರವರ ಭಾಗವನ್ನು ಗಂಡಸರಿಲ್ಲದ ಹೊತ್ತಿನಲ್ಲಿ ಗಟ್ಟಿಯಾಗಿ ಓದಿ ಹೇಳಿ. ಓದಲು ಬಾರದವರ ಒಪ್ಪಿಗೆಯನ್ನು ಅವರ ಗಂಡಂದಿರಿಂದಲೋ ಮಕ್ಕಳಿಂದಲೋ ಪಡೆಯಬೇಡಿ. ಯಾರಾದರೂ ಒಂದು ಸಾಲನ್ನು ತೆಗೆಯಲು ಹೇಳಿದರೆ ಕಾರಣ ಕೇಳದೆ ತೆಗೆಯಿರಿ. ಸೇರಿಸಲು ಹೇಳಿದರೆ ಅಲ್ಲೇ ಕುಳಿತು ಬರೆದುಕೊಳ್ಳಿ.